ಸಂಜೆ ಏಳಕ್ಕೆ ತೆರೆಯುತ್ತಿದ್ದ ಹೋಟೆಲು

ಮಗಳ ಶಾಲೆಯಿಂದ ಒಂದು ಹಾಳೆ ಬಂದಿದೆ. ಇನ್ನೊಂದು ತಿಂಗಳು ಪ್ರತಿ ಸಂಜೆ ಒಂದು ಗಂಟೆ ಟಿವಿ, ಮೊಬೈಲು, ಕಂಪ್ಯೂಟರು ಯಾವುದನ್ನೂ ಮುಟ್ಟದೆ ಮನೆಮಂದಿಯೆಲ್ಲ ಒಟ್ಟಿಗೆ ಕಳೆಯಬೇಕಂತೆ. ಏನು ಮಾಡಿದೆವೆಂದು ಬರೆದು, ಕೆಳಗೆ ತಂದೆಯೋ ತಾಯಿಯೋ ಸಹಿ ಹಾಕಿ, ಪ್ರತಿ ಸೋಮವಾರ ಒಪ್ಪಿಸಬೇಕಂತೆ. ಏನೂ ತೋಚದವರಿಗಾಗಿ ಕೊನೆಯಲ್ಲಿ ಸಲಹೆಗಳೂ ಇವೆ: ಹಾವು ಏಣಿ, ಕತೆ ಹೇಳುವುದು, ಗಿಡಗಳಿಗೆ ನೀರು ಹಾಕುವುದು, ಹಳೆಯ ಫೋಟೊ ನೋಡುವುದು. ಒಳ್ಳೆಯ ಹಾಳೆ. ಶಾಲೆಯವರು ಅದನ್ನು ವಾಟ್ಸಾಪಿನಲ್ಲಿ ಕಳಿಸಿದ್ದಾರೆ ಎಂಬುದೊಂದೇ ಅದರ ಐಬು.

ಮೊದಲ ಸಂಜೆ ಬ್ರಹ್ಮಾವರದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ನಾನು, ನನ್ನ ಗಂಡ, ಮೂರನೆಯ ಕ್ಲಾಸಿನ ಮಗಳು ನಿಧಿ ಎದುರುಬದುರು ಕೂತೆವು, ಹೆಣ್ಣು ನೋಡಲು ಬಂದವರ ಹಾಗೆ. ಗಂಡ ಎರಡು ಸಲ ಕೆಮ್ಮಿದರು. ಹಾವು ಏಣಿಯ ದಾಳ ಸಿಗಲಿಲ್ಲ. ಹಳೆಯ ಫೋಟೊಗಳೆಲ್ಲ ಮೊಬೈಲಿನೊಳಗಿದ್ದವು. ಗಿಡಗಳಿಗೆ ಬೆಳಿಗ್ಗೆಯೇ ನೀರಾಗಿತ್ತು. ಕೊನೆಗೆ ನಿಧಿಯೇ ಕೇಳಿದಳು, ನೀನು ಸಣ್ಣವಳಿರುವಾಗ ಸಂಜೆ ಹೊತ್ತು ನೀವೆಲ್ಲ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಅಂತ. ಯೋಚನೆ ಮಾಡದೆ ಬಾಯಿಗೆ ಬಂದದ್ದನ್ನು ಹೇಳಿದೆ: ನಾವು ಹೋಟೆಲು ನಡೆಸುತ್ತಿದ್ದೆವು.

ಹೇಳಿದ ಮೇಲೆ ಅನುಮಾನ ಶುರುವಾಯಿತು. ನಾನು ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು. ವಿಶ್ವವಿದ್ಯಾಲಯದಲ್ಲಿ ನಮಗೆ ಮೊದಲು ಕಲಿಸಿದ್ದೇ ಒಬ್ಬರ ಮಾತನ್ನು ನಂಬಿ ಏನನ್ನೂ ಬರೆಯಬೇಡಿ ಎಂದು. ಆ ಒಬ್ಬರು ನಾನೇ ಆದಾಗ ಈ ಪಾಠ ಬಹಳ ಕಾಡುತ್ತದೆ. ಹೀಗಾಗಿ ಈಗ ಹೇಳಹೊರಟಿರುವುದಕ್ಕೆ ಮೂರು ಆಧಾರಗಳನ್ನು ಇಟ್ಟುಕೊಂಡಿದ್ದೇನೆ. ಒಂದು, ಐದನೆಯ ಕ್ಲಾಸಿನಿಂದ ನಾನು ಬರೆಯುತ್ತ ಬಂದ ದಿನಚರಿ. ಎರಡು, ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಸುಮ. ಮೂರು, ಫೋನಿನಲ್ಲಿ ಅಮ್ಮ. ಮೂರೂ ಒಂದಕ್ಕೊಂದು ಕೂಡಿಬರುವುದಿಲ್ಲ. ದಿನಚರಿಯನ್ನಾದರೂ ನಂಬಬಹುದಲ್ಲ ಎಂದು ನೀವು ಹೇಳಬಹುದು. ಆದರೆ ಅದು ಅಪ್ಪಯ್ಯ ಮುಂಬಯಿಯಿಂದ ತಂದುಕೊಟ್ಟ ಹಿಂದಿನ ವರ್ಷದ ಡೈರಿ. ತಾರೀಕು ಸರಿಯಿದ್ದರೆ ವಾರ ತಪ್ಪು. ಪ್ರತಿ ಪುಟದಲ್ಲೂ ನಾನು ವಾರದ ಹೆಸರಿಗೆ ಗೀಟು ಹೊಡೆದು ಪಕ್ಕದಲ್ಲಿ ಬೇರೆ ಬರೆದಿದ್ದೇನೆ. ಕೆಲವು ದಿನ ಮರೆತಿದ್ದೇನೆ ಕೂಡ. ಅಂಥ ದಿನಗಳು ಬುಧವಾರವೋ ಗುರುವಾರವೋ ಇನ್ನು ದೇವರಿಗೂ ಗೊತ್ತಾಗುವಂತಿಲ್ಲ.

ನಮ್ಮದು ನಾವುಂದದಲ್ಲಿ ಹೆದ್ದಾರಿಯಿಂದ ಒಳಗೆ ನೂರು ಹೆಜ್ಜೆಯ ಮನೆ. ಅಪ್ಪಯ್ಯ ಮುಂಬಯಿಯ ಹೋಟೆಲಿನಲ್ಲಿದ್ದರು. ನಮ್ಮ ಕಡೆ ಇದೊಂದು ವಿಶೇಷವೇ ಅಲ್ಲ, ನಮ್ಮ ಕ್ಲಾಸಿನ ಅರ್ಧ ಮಕ್ಕಳ ಅಪ್ಪಂದಿರು ಯಾವುದೋ ಊರಿನ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಇಪ್ಪತ್ತು ದಿನ ಬರುವ ನಂಟರ ಹಾಗಿದ್ದರು ಅಪ್ಪಯ್ಯ. ಅವರ ಪೆಟ್ಟಿಗೆ ತೆರೆದರೆ ಸಾಬೂನಿನ ಪರಿಮಳ, ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಕರಿದ ಎಣ್ಣೆಯದ್ದು. ಅವರು ಬಂದಾಗ ಅಮ್ಮ ಮೆಲ್ಲಗೆ ಮಾತಾಡುತ್ತಿದ್ದಳು, ನಾವು ಮಕ್ಕಳು ಕಾಲು ತೊಳೆದು ಒಳಗೆ ಬರುತ್ತಿದ್ದೆವು. ಹೋದ ಮೇಲೆ ಎಲ್ಲರೂ ಮೊದಲಿನಂತಾಗುತ್ತಿದ್ದೆವು. ಅವರು ಹೋದಾಗ ನನಗೆ ಬೇಜಾರಾಗುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ, ಆದರೆ ಡೈರಿಗಿಂತ ಮೊದಲಿನ ಕಾಲದ ಬೇಜಾರಿಗೆ ನನ್ನಲ್ಲಿ ಆಧಾರವಿಲ್ಲ.

ಒಂದು ಸಂಗತಿಗೆ ಮಾತ್ರ ಆಧಾರ ಬೇಕಾಗಿರಲಿಲ್ಲ: ಅಪ್ಪಯ್ಯ ಅಲ್ಲಿ ಮ್ಯಾನೇಜರು. ಹೋಟೆಲಿನ ಬಾಗಿಲಲ್ಲೇ ಗಲ್ಲ ಎನ್ನುವ ಹಣದ ಪೆಟ್ಟಿಗೆಯ ಹಿಂದೆ ಕೂತು ಬಂದವರ ಹಣ ತೆಗೆದುಕೊಳ್ಳುವುದು ಅವರ ಕೆಲಸ. ಇದನ್ನು ಅಪ್ಪಯ್ಯನೇ ಹೇಳಿದ್ದರೇ? ಇಲ್ಲ ಎಂದು ಈಗ ಅನ್ನಿಸುತ್ತದೆ. ಅಮ್ಮನ ಮದುವೆಯ ಮಾತುಕತೆಯಲ್ಲಿ ಸಂಬಂಧ ತಂದ ದಲ್ಲಾಳಿ, ಹುಡುಗ ಗಲ್ಲದಲ್ಲಿ ಕೂರುವವನು ಅಂದಿದ್ದನಂತೆ. ಅಮ್ಮನ ಮನೆಯವರು ಆ ಮಾತಿನ ಮೇಲೆ ಹೆಣ್ಣು ಕೊಟ್ಟರು. ಅಪ್ಪಯ್ಯ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಆಮೇಲೆ ಆ ಮಾತು ಮನೆಯಲ್ಲಿ ತಾನಾಗಿಯೇ ಬೆಳೆಯಿತು. ನನ್ನ ಕೈಗೆ ಬರುವ ಹೊತ್ತಿಗೆ ಅದು ಮ್ಯಾನೇಜರ್ ಆಗಿತ್ತು. ಶಾಲೆಯಲ್ಲಿ ಮಾಸ್ಟ್ರು ತಂದೆಯ ಉದ್ಯೋಗ ಕೇಳಿದಾಗ ನಾನು ಎದ್ದು ನಿಂತು ಆ ಪದವನ್ನು ಗಟ್ಟಿಯಾಗಿ ಹೇಳಿದ್ದು, ಪಕ್ಕದ ಹುಡುಗಿ ನನ್ನನ್ನು ಹೊಸದಾಗಿ ನೋಡುವ ಹಾಗೆ ನೋಡಿದ್ದು, ಇವೆರಡೂ ಡೈರಿಯಲ್ಲಿವೆ.

೧೯೯೭ರಲ್ಲಿ ಅಪ್ಪಯ್ಯ ಮುಂಬಯಿ ಬಿಟ್ಟು ಬಂದರು. ಅವರು ಹದಿನಾರು ವರ್ಷ ಇದ್ದ ಹೋಟೆಲನ್ನು ಧಣಿಗಳು ಮುಚ್ಚಿದ್ದರು. ಪೆಟ್ಟಿಗೆಯ ಜೊತೆ ಈ ಸಲ ಒಂದು ಸಣ್ಣ ಟಿವಿ ಇತ್ತು. ಅಂಟೆನಾ ಕಟ್ಟಿ, ತಿರುಗಿಸಿ, ‘ಬಂತಾ’, ‘ಬಂತ್’, ‘ಹೋಯ್ತ್’ ಎಂದು ಹೆಂಚಿನ ಮಾಡಿನ ಮೇಲಿನವರೂ ಕೆಳಗಿನವರೂ ಕೂಗಾಡಿ ಹತ್ತು ದಿನ ನೋಡಿದೆವು. ಹನ್ನೊಂದನೆಯ ದಿನ ಸಿಡಿಲು ಬಡಿದು ಅದು ಹೊಗೆಯಾಡಿತು. ಕುಂದಾಪುರದ ರಿಪೇರಿಯವನು ಅದನ್ನು ಎರಡು ವಾರ ಇಟ್ಟುಕೊಂಡಿರುತ್ತೇನೆ ಅಂದ. ಎರಡು ವರ್ಷ ಇಟ್ಟುಕೊಂಡ. ಹೋದಾಗಲೆಲ್ಲ ಒಂದು ಸಾಮಾನು ಬೆಂಗಳೂರಿನಿಂದ ಬರಬೇಕು ಅನ್ನುತ್ತಿದ್ದ. ಅವನ ಹೆಸರು ನೆನಪಿದ್ದಿದ್ದರೆ ಈ ಬರಹವನ್ನು ಅವನಿಗೇ ಅರ್ಪಿಸಬಹುದಿತ್ತು.

ಹೀಗೆ ನಮ್ಮ ಸಂಜೆಗಳು ಖಾಲಿಯಾದವು. ದೀಪ ಹಚ್ಚಿ, ಚಾಪೆಯಲ್ಲಿ ಕೂತು ನಾಲ್ಕು ಭಜನೆ ಹೇಳಿ, ಮಗ್ಗಿ ಒಪ್ಪಿಸಿದರೆ ಆರೂಮುಕ್ಕಾಲು. ಊಟಕ್ಕೆ ಎಂಟು. ನಡುವಿನ ಹೊತ್ತಿನಲ್ಲಿ ಅಪ್ಪಯ್ಯ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು, ನಾವು ಒಳಗೆ. ಮಕ್ಕಳ ಹತ್ತಿರ ಏನು ಮಾತಾಡುವುದೆಂದು ಅವರಿಗೆ ಗೊತ್ತಿರಲಿಲ್ಲ. ಎಷ್ಟನೆಯ ಕ್ಲಾಸು ಎಂದು ದಿನಾ ಕೇಳುತ್ತಿದ್ದರು. ದಿನಾ ಐದು ಅನ್ನುತ್ತಿದ್ದೆ. ಇಪ್ಪತ್ತು ದಿನ ಕಳೆದರೂ ನಂಟರು ಹೊರಡದ ಹಾಗೆ ಒಂದು ಬಿಗುಪು ಮನೆಯಲ್ಲಿತ್ತು.

ಅದನ್ನು ಮುರಿದವಳು ಸುಮ. ಅವಳಿಗಾಗ ಏಳು ವರ್ಷ. ಒಂದು ಸಂಜೆ ಅವಳು ಜಗಲಿಗೆ ಹೋಗಿ ಅಪ್ಪಯ್ಯನನ್ನು ಕೇಳಿದಳು, ‘ಅಪ್ಪಯ್ಯ, ನಿಮ್ಮ ಹೋಟ್ಲಂಗೆ ತಿಂಬುಕೆ ಎಂತೆಲ್ಲ ಇತ್ತ್?’

ಅಪ್ಪಯ್ಯ ಎದ್ದು ನಿಂತರು. ಹೆಗಲಿಗೆ ಒರೆಸುವ ಬೈರಾಸು ಹಾಕಿದರು. ನಮಗೆ ಗೊತ್ತಿಲ್ಲದ ಬೇರೆ ಒಬ್ಬ ಮನುಷ್ಯನ ಧ್ವನಿ ಬಂತು, ಸಪೂರ, ವೇಗದ್ದು, ಸ್ವಲ್ಪ ಮೂಗಿನಿಂದ: ಇಡ್ಲಿ, ಇಡ್ಲಿವಡೆ, ಸಾದಾ, ಮಸಾಲೆ, ಮೈಸೂರು ಮಸಾಲೆ, ಈರುಳ್ಳಿ ಉತ್ತಪ್ಪ, ಉಪ್ಪಿಟ್ಟು, ಶಿರಾ, ಬಟಾಟೆವಡೆ, ಮಿಸಳ್, ಪೂರಿ ಬಾಜಿ, ಮೊಸರುವಡೆ, ಇನ್ನೂ ನನಗೆ ನೆನಪುಳಿಯದ ಏನೇನೋ, ಕೊನೆಗೆ ಚಾ, ಕಾಪಿ, ಸ್ಪೆಷಲ್ ಚಾ. ಒಂದೇ ಉಸಿರು. ನಡುವೆ ಎಲ್ಲೂ ತಡೆಯಲಿಲ್ಲ. ಆಮೇಲೆ ಸ್ವಲ್ಪ ಬಾಗಿ, ‘ಎಂತ ಕೊಡ್ಲಿ?’ ಅಂದರು. ನಲವತ್ತು ತಿಂಡಿ ಇದ್ದವು ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಫೋನು ಮಾಡಿ ಕೇಳಿದಾಗ ಅಪ್ಪಯ್ಯ ಇಪ್ಪತ್ತೆರಡು ಅಂದರು. ಈಗಲೂ ಒಂದೇ ಉಸಿರಿನಲ್ಲಿ ಹೇಳಿಯೂ ತೋರಿಸಿದರು. ಎಪ್ಪತ್ತು ದಾಟಿದ ಉಸಿರು ಎರಡು ಕಡೆ ನಿಂತಿತು ಎಂಬುದನ್ನು ಬಿಟ್ಟರೆ ಆ ಸಂಗತಿ ಸಾಬೀತಾಗಿದೆ.

ಮರುದಿನದಿಂದ ಏಳಕ್ಕೆ ಸರಿಯಾಗಿ ಹೋಟೆಲು ತೆರೆಯುತ್ತಿತ್ತು. ನಡುಮನೆಯಲ್ಲಿ ಮಣೆಗಳನ್ನು ಹಾಕಿದರೆ ಅದೇ ಮೇಜು ಕುರ್ಚಿ. ನಾನು, ಸುಮ ಗಿರಾಕಿಗಳು. ಅಮ್ಮ ಅಡುಗೆಯ ಭಟ್ರು. ಕಾಯಿದೆಗಳಿದ್ದವು. ಪಟ್ಟಿ ಹೇಳುವವರೆಗೆ ಗಿರಾಕಿಗಳು ಬಾಯಿ ತೆರೆಯುವಂತಿಲ್ಲ. ಪಟ್ಟಿಯಲ್ಲಿದ್ದದ್ದನ್ನೇ ಕೇಳಬೇಕು. ಬಂದದ್ದನ್ನು ಕೇಳಿದ್ದೆಂದೇ ತಿಳಿದು ತಿನ್ನಬೇಕು. ನಾನು ಮೈಸೂರು ಮಸಾಲೆ ಕೇಳುತ್ತಿದ್ದೆ, ಅಪ್ಪಯ್ಯ ಅಡುಗೆಮನೆಗೆ ‘ಒಂದ್ ಮೈಸೂರ್ ಕಡಕ್’ ಎಂದು ಕೂಗುತ್ತಿದ್ದರು, ಬರುತ್ತಿದ್ದದ್ದು ಕುಚ್ಚಲಕ್ಕಿ ಗಂಜಿ. ಅದನ್ನು ಮುರಿದು ತಿನ್ನುವ ಹಾಗೆ ನಟಿಸಿ, ಇನ್ನೂ ಸ್ವಲ್ಪ ಕೆಂಪಗಾಗಬೇಕಿತ್ತು ಎಂದು ದೂರು ಕೊಡುತ್ತಿದ್ದೆ. ದೂರು ಅಡುಗೆಮನೆಗೆ ಹೋಗುತ್ತಿತ್ತು. ಭಟ್ರು ಒಳಗಿಂದಲೇ, ಕೆಂಪು ದೋಸೆ ಬೇಕಾದವರು ಕುಂದಾಪುರಕ್ಕೆ ಹೋಗಲಿ ಎಂದು ಉತ್ತರ ಕಳಿಸುತ್ತಿದ್ದರು. ಒಣಮೀನು ಹುರಿದ ದಿನ ತೊಂದರೆಯಾಗುತ್ತಿತ್ತು, ಏಕೆಂದರೆ ಅಪ್ಪಯ್ಯನದು ಅಪ್ಪಟ ಸಸ್ಯಾಹಾರಿ ಹೋಟೆಲು. ಆ ದಿನ ಅದು ಬದನೆಕಾಯಿ ಪೋಡಿ, ಅಂದರೆ ಬಜ್ಜಿ, ಎನಿಸಿಕೊಳ್ಳುತ್ತಿತ್ತು. ನಾವು ಬದನೆಕಾಯಿಯ ಮುಳ್ಳು ತೆಗೆದು ತಿನ್ನುತ್ತಿದ್ದೆವು.

ಅಮ್ಮ ನಗುವುದನ್ನು ನಾನು ಮೊದಲು ಕೇಳಿದ್ದು ಆಗಲೇ ಎಂದು ಬರೆದು, ಹೊಡೆದುಹಾಕಿದೆ. ಅಮ್ಮ ಅದಕ್ಕೆ ಮೊದಲೂ ನಕ್ಕಿರಲೇಬೇಕು. ಆದರೆ ಅಡುಗೆಮನೆಯ ಗೋಡೆಯ ಆಚೆಯಿಂದ ಬರುವ, ಬಾಯಿಗೆ ಸೆರಗು ಹಿಡಿದ ಆ ನಗು ಅಪ್ಪಯ್ಯನಿಗಾಗಿಯೇ ಹುಟ್ಟಿದ್ದು ಎಂದು ಈಗಲೂ ಅನ್ನಿಸುತ್ತದೆ.

ಇನ್ನು ಅಪ್ಪಯ್ಯನ ಎಡಗೈ. ನಾಲ್ಕು ತಟ್ಟೆಗಳು ಆ ಒಂದು ಕೈಯಲ್ಲಿ ಬರುತ್ತಿದ್ದವು. ಒಂದು ಹೆಬ್ಬೆರಳು ಮತ್ತು ತೋರುಬೆರಳ ನಡುವೆ, ಒಂದು ಅದರ ಅಡಿಯಲ್ಲಿ ಅಂಗೈ ಮೇಲೆ, ಒಂದು ಮಣಿಕಟ್ಟಿನ ಮೇಲೆ, ಒಂದು ಮೊಣಕೈಯ ಮಡಿಕೆಗೆ ತಾಗಿ. ಗಂಜಿ ತುಳುಕುತ್ತಿರಲಿಲ್ಲ. ಬಲಗೈ ಖಾಲಿ, ಒಂದೊಂದನ್ನೇ ಎತ್ತಿ ನಮ್ಮೆದುರು ಸದ್ದಿಲ್ಲದೆ ಇಡಲಿಕ್ಕೆ. ಗದ್ದೆಯ ಕೆಲಸದಲ್ಲಿ ಅಪ್ಪಯ್ಯನಿಗೆ ಕೈ ಕೂಡುತ್ತಿರಲಿಲ್ಲ, ಹಾರೆ ಹಿಡಿದರೆ ಊರವರು ನಗುತ್ತಿದ್ದರು. ತಟ್ಟೆ ಹಿಡಿದಾಗ ಮಾತ್ರ ನೋಡುತ್ತಲೇ ಇರಬೇಕು ಅನ್ನಿಸುತ್ತಿತ್ತು. ಡೈರಿಯಲ್ಲಿ ಹೀಗಿದೆ: ‘ಅಪ್ಪಯ್ಯ ಮ್ಯಾನೇಜರ್ ಆದರೂ ತಟ್ಟೆ ಬಹಳ ಚೆಂದ ಹಿಡಿಯುತ್ತಾರೆ.’

ಆ ‘ಆದರೂ’ ನನ್ನನ್ನು ಈಗ ತಡೆದು ನಿಲ್ಲಿಸುತ್ತದೆ. ಬರೆದವಳಿಗೆ ಹತ್ತು ವರ್ಷ. ಅವಳಿಗೆ ಅನುಮಾನ ಬಂದಿತ್ತೇ? ಒಂದು ದಿನ ಸುಮ ಮರದ ಡಬ್ಬಿಯೊಂದನ್ನು ಬಾಗಿಲ ಬಳಿ ಇಟ್ಟು, ಇದು ಗಲ್ಲ, ಅಪ್ಪಯ್ಯ ಇದರ ಹಿಂದೆ ಕೂರಬೇಕು ಎಂದು ಹಟ ಮಾಡಿದಳು. ಅಪ್ಪಯ್ಯ ಕೂರಲಿಲ್ಲ. ಇವತ್ತು ಗಿರಾಕಿ ಜಾಸ್ತಿ ಅಂದರು. ಮರುದಿನ ಗಲ್ಲದ ಮ್ಯಾನೇಜರಿಗೆ ಜ್ವರ ಅಂದರು. ಅದರ ಮರುದಿನ ಆ ಡಬ್ಬಿಯಲ್ಲಿ ಅಮ್ಮ ಮೆಣಸು ತುಂಬಿಸಿಟ್ಟಿದ್ದಳು. ಅದನ್ನು ಬೇಕೆಂದೇ ಮಾಡಿದಳೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಮಳೆಗಾಲ ಕಳೆದ ಮೇಲೆ, ಒಂದು ಬುಧವಾರವೋ ಗುರುವಾರವೋ, ಬಸ್ರೂರಿನಿಂದ ನಾರಾಯಣ ಮಾವ ಎನ್ನುವವರು ಬಂದರು. ನಂಟರಲ್ಲ. ಮುಂಬಯಿಯ ಆ ಹೋಟೆಲಿನ ಧಣಿಗಳ ತಮ್ಮ. ತಂಗಿಯ ಮದುವೆಗೆ ಹೇಳಿಕೆ ಮಾಡುತ್ತ ಮನೆಮನೆ ತಿರುಗುತ್ತಿದ್ದರು. ಬಸ್ಸಿಳಿದು ನಮ್ಮ ಮನೆಗೆ ಬರುವ ಹೊತ್ತಿಗೆ ಏಳೂಕಾಲು. ಹೋಟೆಲು ಭರ್ತಿ ನಡೆಯುತ್ತಿತ್ತು. ಹೊಸಲು ದಾಟಿದವರಿಗೆ ಕಂಡದ್ದು ಹೆಗಲಲ್ಲಿ ಬೈರಾಸು, ಎಡಗೈಯಲ್ಲಿ ನಾಲ್ಕು ತಟ್ಟೆ, ಬಾಯಲ್ಲಿ ಪಟ್ಟಿ. ಅವರು ಅಲ್ಲೇ ನಿಂತು ಹೊಟ್ಟೆ ಹಿಡಿದು ನಕ್ಕರು. ಕೆಟ್ಟ ನಗುವಲ್ಲ.

‘ಎಂತ ಮಾರಾಯಾ, ಊರಿಗ್ ಬಂದ್ರೂ ತಟ್ಟಿ ಬಿಡ್ಲಿಲ್ಯಾ ನೀನ್?’

ಅಪ್ಪಯ್ಯ ತಟ್ಟೆಗಳನ್ನು ಒಂದೊಂದಾಗಿ ಕೆಳಗಿಟ್ಟರು. ಬೈರಾಸು ತೆಗೆದು ಕೈಗೆ ಸುತ್ತಿಕೊಂಡರು. ಕೂರಲು ಹೇಳಿದರು. ಆಗ ನಾನು ಮಾಡಿದ ಕೆಲಸವನ್ನು ಸುಮ ತಾನು ಮಾಡಿದ್ದು ಅನ್ನುತ್ತಾಳೆ. ಅವಳಿಗೆ ಆ ಪಾಪದ ಭಾರ ಬೇಡ, ನನ್ನದೇ ಅದು. ಬಂದವರು ನಮ್ಮೆದುರು ಅಪ್ಪಯ್ಯನನ್ನು ‘ನೀನು’ ಅಂದದ್ದು ನನಗೆ ಹಿಡಿಸಲಿಲ್ಲ. ಅಪ್ಪಯ್ಯ ಯಾರೆಂಬುದು ಇವರಿಗೆ ನೆನಪಾಗಲಿ ಎಂದು ಕೇಳಿದೆ:

‘ನಾರ್ಣ ಮಾವ, ನೀವ್ ಅಪ್ಪಯ್ಯನ ಹೋಟ್ಲಂಗೇ ಇದ್ದದ್ದಾ? ಅಪ್ಪಯ್ಯ ನಿಮ್ಗೂ ಮ್ಯಾನೇಜರಾ?’

ನಾರಾಯಣ ಮಾವ ಅಪ್ಪಯ್ಯನ ಮುಖ ನೋಡಿದರು. ಹೌದು ಎನ್ನಲಿಕ್ಕೇ ಅವರು ಬಾಯಿ ತೆರೆದರು ಎಂದು ನಾನು ನಂಬಿದ್ದೇನೆ. ಅಷ್ಟರಲ್ಲಿ ಅಪ್ಪಯ್ಯ ಹೇಳಿದರು.

‘ಅಲ್ಲ ಮಗಾ. ಗಲ್ಲದಂಗೆ ಕೂಕಂಬ್ದ್ ಇವ್ರ್. ನಾನ್ ಸಪ್ಲಾಯರ್. ಹದ್ನಾರ್ ವರ್ಷವೂ ಸಪ್ಲಾಯರೇ.’

ಅವರು ಅದನ್ನು ನನಗೆ ಹೇಳಿದ್ದಾದರೂ ನೋಡುತ್ತಿದ್ದದ್ದು ಅಡುಗೆಮನೆಯ ಬಾಗಿಲನ್ನು. ಅಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ಗಲ್ಲದಲ್ಲಿ ಕೂರುವ ಹುಡುಗನೆಂದು ಕೊಟ್ಟ ಹೆಣ್ಣು. ಹನ್ನೆರಡು ವರ್ಷ ಬಾಯಿ ಮುಚ್ಚಿ ಕಾಪಾಡಿಕೊಂಡದ್ದನ್ನು ಒಬ್ಬ ಮನುಷ್ಯ ಎರಡು ಮಾತಿನಲ್ಲಿ ಕೆಳಗಿಟ್ಟಿದ್ದ.

‘ನಂಗ್ ಗೊತ್ತಿತ್ತ್’ ಅಂದಳು ಅಮ್ಮ. ‘ನಿಮ್ಮ ಅಂಗಿ ತೊಳುದ್ ನಾನೇ ಅಲ್ದಾ?’

ಆಮೇಲೆ ನಾರಾಯಣ ಮಾವನ ಕಡೆ ತಿರುಗಿ, ಗಂಜಿ ಆಗುತ್ತದೋ, ದೋಸೆ ಹೊಯ್ಯಲೋ ಎಂದು ಕೇಳಿ ಒಳಗೆ ಹೋದಳು.

ಅಂಗಿಯ ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನನ್ನ ಮದುವೆಗೆ ಸ್ವಲ್ಪ ಮೊದಲು. ಅಮ್ಮ ತಾನಾಗಿ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದಳು. ಮೇ ತಿಂಗಳಲ್ಲಿ ಅಪ್ಪಯ್ಯ ತರುತ್ತಿದ್ದ ದಿನಬಳಕೆಯ ಅಂಗಿಗಳಲ್ಲಿ ಎಡತೋಳಿನ ಮಡಿಕೆಯ ಹತ್ತಿರ ಎಣ್ಣೆಯ ಕಲೆ ಇರುತ್ತಿತ್ತಂತೆ, ಕತ್ತರಿಸಿದ ಉಗುರಿನ ಹಾಗೆ ಬಾಗಿದ್ದು, ತಟ್ಟೆಯ ಅಂಚಿನ ಅಳತೆಯದ್ದು. ಎಲ್ಲ ಅಂಗಿಯಲ್ಲೂ ಅದೇ ಜಾಗದಲ್ಲಿ. ಬಲತೋಳಿನಲ್ಲಿ ಇಲ್ಲ. ಒಗೆಯುವ ಕಲ್ಲಿನ ಮೇಲೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಮೊದಲ ವರ್ಷ ಏನೆಂದು ತಿಳಿಯಲಿಲ್ಲ. ಎರಡನೆಯ ವರ್ಷ ಕೊಲ್ಲೂರಿಗೆ ಹೋದಾಗ ಅಲ್ಲಿಯ ಹೋಟೆಲೊಂದರಲ್ಲಿ ತಿಂಡಿ ತಂದಿಟ್ಟವನ ತೋಳಿನಲ್ಲಿ ಅದೇ ಕಲೆ ಕಂಡಿತು. ಗಲ್ಲದಲ್ಲಿ ಕೂರುವವನ ಅಂಗಿಯಲ್ಲಿ ಅದು ಇರಲಿಲ್ಲ. ಆಗ ಯಾಕೆ ಕೇಳಲಿಲ್ಲ ಅಂದೆ. ಕೇಳಿದ್ದರೆ ಅವರು ಎಂತ ಹೇಳುವುದು, ಪಾಪ ಅಂದಳು.

ಆ ಸಂಜೆ ನಾರಾಯಣ ಮಾವ ದೋಸೆ ತಿನ್ನುತ್ತ ಬಹಳ ಮಾತಾಡಿದರು. ಮಧ್ಯಾಹ್ನದ ಗದ್ದಲದಲ್ಲಿ ಹೋಟೆಲಿನ ಅರ್ಧ ಭಾಗವನ್ನು ಅಪ್ಪಯ್ಯ ಒಬ್ಬರೇ ನೋಡಿಕೊಳ್ಳುತ್ತಿದ್ದದ್ದು, ಬರೆದುಕೊಳ್ಳದೆ ಹತ್ತು ಮೇಜಿನ ತಿಂಡಿ ನೆನಪಿಡುತ್ತಿದ್ದದ್ದು. ಅದು ಹೊಗಳಿಕೆಯೇ. ಆದರೆ ಹೊಗಳಿದಷ್ಟೂ ಅಪ್ಪಯ್ಯ ಸಣ್ಣವರಾಗುತ್ತ ಹೋದರು. ಹೊರಡುವಾಗ, ಅಣ್ಣ ಠಾಣೆಯಲ್ಲಿ ಹೊಸ ಹೋಟೆಲು ಹಾಕುತ್ತಿದ್ದಾನೆ, ಬರುವುದಾದರೆ ಬಾ, ನಿನಗೆ ಯಾವತ್ತೂ ಜಾಗ ಇದೆ ಎಂದು ಹೇಳಿಹೋದರು.

ಡೈರಿಯಲ್ಲಿ ಆ ದಿನ ಒಂದು ಸಾಲಿದೆ: ‘ಇವತ್ತು ಹೋಟ್ಲು ಬೇಗ ಮುಚ್ಚಿತು.’ ಅದರ ಕೆಳಗೆ ಇನ್ನೊಂದು ಸಾಲು ಇತ್ತು. ಅದನ್ನು ನಾನೇ ಹೊಡೆದುಹಾಕಿದ್ದೇನೆ, ಕಾಗದ ಹರಿಯುವಷ್ಟು ಒತ್ತಿ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಹಿಂಬದಿಯಿಂದ ಬೆರಳಾಡಿಸಿ ನೋಡಿದೆ. ‘ನಾಳೆ ಶಾಲೆಯಲ್ಲಿ’ ಎಂಬಷ್ಟು ಮಾತ್ರ ಓದಲು ಬರುತ್ತದೆ. ನಾನು ಅಪ್ಪಯ್ಯನ ಬಗ್ಗೆ ನಾಚಿಕೊಂಡಿದ್ದೆ ಎಂಬುದಕ್ಕೆ ಅಷ್ಟೇ ಸಾಕು. ಅವತ್ತು ನೀನು ಊಟ ಬೇಡ ಎಂದು ಎದ್ದುಹೋದೆ, ಅಪ್ಪಯ್ಯ ತಟ್ಟೆ ಹಿಡಿದು ಕರೆದರೂ ತಿರುಗಿ ನೋಡಲಿಲ್ಲ ಎಂದು ಸುಮ ಹೇಳುತ್ತಾಳೆ. ನನಗೆ ಅದು ನೆನಪಿಲ್ಲ. ನೆನಪಿಲ್ಲದ್ದಕ್ಕೇ ಅದು ನಿಜ ಇರಬೇಕು ಅನ್ನಿಸುತ್ತದೆ. ಅಮ್ಮನಿಗೆ ಫೋನು ಮಾಡಿ, ನಾನು ಅಪ್ಪಯ್ಯನಿಗೆ ನೋವಾಗುವ ಹಾಗೆ ಏನಾದರೂ ಮಾಡಿದೆನಾ ಎಂದು ಕೇಳಿದೆ. ಎಂತದೂ ಇಲ್ಲ, ಸಣ್ಣ ಮಕ್ಕಳು ನೀವು ಅಂದಳು. ಸಾಕ್ಷಿಗೆ ಕರುಣೆ ಇರಬಾರದೆಂದು ನಮಗೆ ಕಲಿಸಿದ್ದರು. ಅಮ್ಮ ಒಳ್ಳೆಯ ಸಾಕ್ಷಿಯಲ್ಲ.

ಮರುದಿನ ಏಳಕ್ಕೆ ಹೋಟೆಲು ತೆರೆಯಲಿಲ್ಲ. ಸುಮ ಹೋಗಿ ಕೇಳಿದ್ದಕ್ಕೆ ಅಪ್ಪಯ್ಯ ಇವತ್ತು ರಜೆ ಅಂದರು. ಅದರ ಮರುದಿನವೂ ರಜೆ. ಅವರು ಕಂಬಕ್ಕೆ ಒರಗಿ ಹೆದ್ದಾರಿಯ ಬಸ್ಸುಗಳ ದೀಪ ನೋಡುತ್ತಿದ್ದರು. ನಾನು ಅಡ್ಡಹೋದರೆ ಎಷ್ಟನೆಯ ಕ್ಲಾಸೆಂದು ಕೂಡ ಕೇಳಲಿಲ್ಲ. ಮೂರನೆಯ ದಿನ ಶಾಲೆಯಿಂದ ಬಂದಾಗ ಅಟ್ಟದಲ್ಲಿದ್ದ ಪೆಟ್ಟಿಗೆ ಜಗಲಿಗೆ ಬಂದಿತ್ತು. ಒಳಗೆಲ್ಲ ಬೂಸ್ಟು ಹಿಡಿದಿದೆ, ಬಿಸಿಲಿಗಿಟ್ಟದ್ದು ಅಂದರು. ಆ ಪೆಟ್ಟಿಗೆಗೆ ಬಿಸಿಲು ಯಾವಾಗ ಬೇಕಾಗುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವರು ಹೋಗುವುದು ನನಗೆ ಬೇಡವಾಗಿತ್ತು. ಕಳಿಸುತ್ತಿರುವವಳು ನಾನೇ ಎಂಬುದೂ ಗೊತ್ತಿತ್ತು. ಎರಡೂ ಗೊತ್ತಿದ್ದ ಹತ್ತು ವರ್ಷದ ಹುಡುಗಿ ಮಾಡಿದ್ದೇನೆಂದರೆ, ಮಗ್ಗಿ ಪುಸ್ತಕ ತೆರೆದು ಕೂತದ್ದು.

ನಾಲ್ಕನೆಯ ಸಂಜೆ ಅಮ್ಮ ಅಡುಗೆ ಬೇಗ ಮುಗಿಸಿದಳು. ಭಜನೆಯಾದ ಮೇಲೆ ನಡುಮನೆಯಲ್ಲಿ ಮಣೆ ಹಾಕಿದಳು, ಒಂದೇ. ಅದರ ಮೇಲೆ ತಾನೇ ಕೂತಳು. ಭಟ್ರು ಗಿರಾಕಿಯ ಜಾಗದಲ್ಲಿ ಕೂತದ್ದನ್ನು ನಾವು ನೋಡಿರಲಿಲ್ಲ. ಆಟದಲ್ಲಿ ಬಿಡಿ, ಅಮ್ಮ ನಮಗಿಂತ ಮೊದಲು ಊಟಕ್ಕೆ ಕೂತದ್ದನ್ನೇ ನೋಡಿರಲಿಲ್ಲ. ಅವಳು ನನ್ನನ್ನು ಕರೆದಳು, ಜಗಲಿಗೆ ಕೇಳುವಷ್ಟು ಗಟ್ಟಿಯಾಗಿ.

‘ನಂಗ್ ಹಸಿವಾತಿತ್ತ್. ಇವತ್ತ್ ನೀನ್ ಬಡ್ಸ್. ತಟ್ಟಿ ಹಿಡುದ್ ಹ್ಯಾಂಗಂದೇಳಿ ನಿನ್ನಪ್ಪಯ್ಯನತ್ರ ಕೇಣ್, ಹೋಗ್.’

ನಾನು ಹೋದೆ. ಏನು ಹೇಳಬೇಕೆಂದು ತಿಳಿಯದೆ ಎಡಗೈ ಮುಂದೆ ಚಾಚಿ ನಿಂತೆ, ಮಾಸ್ಟ್ರ ಬೆತ್ತಕ್ಕೆ ಕೈ ಕೊಡುವ ಹಾಗೆ. ಅಪ್ಪಯ್ಯ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಎದ್ದು ಒಳಗೆ ಬಂದು, ಎರಡು ಖಾಲಿ ತಟ್ಟೆ ತಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವುಗಳ ಜಾಗದಲ್ಲಿ ಕೂರಿಸಿದರು. ಎಡಗೈ ಹೊರಲಿಕ್ಕೆ, ಬಲಗೈ ಕೊಡಲಿಕ್ಕೆ ಅಂದರು. ಭುಜ ಬಿಗಿ ಹಿಡಿಯಬೇಡ, ಉಸಿರು ಕಟ್ಟಬೇಡ ಅಂದರು. ಅವರ ಕೈ ಇಷ್ಟು ಹೊತ್ತು ನನ್ನ ಕೈಯನ್ನು ಹಿಡಿದಿದ್ದದ್ದು ಅದೇ ಮೊದಲು. ಬೆರಳ ತುದಿಗಳು ಹಳೆಯ ಬಿಸಿಗೆ ಗಟ್ಟಿಯಾಗಿ, ನುಣುಪಾಗಿದ್ದವು.

ಮೂರು ಹೆಜ್ಜೆಗೆ ತಟ್ಟೆಗಳು ಬಿದ್ದವು. ಸ್ಟೀಲಿನ ತಟ್ಟೆ ನೆಲಕ್ಕೆ ಬಿದ್ದರೆ ಸುಮ್ಮನೆ ಬೀಳುವುದಿಲ್ಲ, ತಿರುಗುತ್ತ ತಿರುಗುತ್ತ ಇಡೀ ಕೇರಿಗೆ ಸುದ್ದಿ ಮುಟ್ಟಿಸಿ ಮಲಗುತ್ತದೆ. ಸುಮ ಕಿವಿ ಮುಚ್ಚಿಕೊಂಡಳು. ಅಪ್ಪಯ್ಯ ಬೈಯಲಿಲ್ಲ. ಮೊದಲ ವಾರ ನಾನು ಒಂದು ದಿನಕ್ಕೆ ಆರು ಪಿಂಗಾಣಿ ಒಡೆದಿದ್ದೆ, ನೀನು ಪರವಾಗಿಲ್ಲ ಅಂದರು. ಮುಂಬಯಿಯ ಬಗ್ಗೆ ಅವರು ತಾವಾಗಿ ಹೇಳಿದ ಮೊದಲ ಮಾತು ಅದು. ಎರಡನೆಯ ಸಲ ನೀರು ಹಾಕಿ ನಡೆಸಿದರು. ಮೂರನೆಯ ಸಲ ಒಂದರಲ್ಲಿ ಗಂಜಿ, ಒಂದರಲ್ಲಿ ಚಟ್ನಿ, ಉಪ್ಪಿನಕಾಯಿ ಹೋಳು. ನಾನು ತುಳುಕುವ ಗಂಜಿಯನ್ನೇ ನೋಡುತ್ತ, ನಾಲಿಗೆ ಕಚ್ಚಿಕೊಂಡು, ಕಾಲೆಳೆಯುತ್ತ ನಡೆದೆ. ಹಿಂದಿನಿಂದ ಅಪ್ಪಯ್ಯ ಮೆಲ್ಲಗೆ ಹೇಳಿದರು.

‘ತಟ್ಟಿ ಕಾಂಬ್ದಲ್ಲ ಮಗಾ. ಕೂತವ್ರ ಮುಖ ಕಾಣ್.’

ತಲೆ ಎತ್ತಿದೆ. ಅಮ್ಮ ಮಣೆಯ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಏನು ಮಾಡುವುದೆಂದು ತಿಳಿಯದ ಕೈಗಳು. ಕಣ್ಣು ನನ್ನ ಮೇಲಿತ್ತು. ಊಟ ಬರುವುದನ್ನು ಕಾಯುವಾಗ ಅಮ್ಮನ ಮುಖ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಣ್ಣ ಹುಡುಗಿಯ ಮುಖ, ಸ್ವಲ್ಪ ನಾಚಿಕೆ, ಸ್ವಲ್ಪ ಹಸಿವು. ಇದು ಡೈರಿಯಲ್ಲಿಲ್ಲ. ಸುಮಳಿಗೆ ತಟ್ಟೆ ಬಿದ್ದ ಸದ್ದು ಬಿಟ್ಟು ಬೇರೆ ನೆನಪಿಲ್ಲ. ಅಮ್ಮನಿಗೆ ತನ್ನ ಮುಖ ಕಂಡಿರಲಿಕ್ಕಿಲ್ಲ. ಅಪ್ಪಯ್ಯ ನನ್ನ ಹಿಂದೆ ಇದ್ದರು, ಅವರೂ ಅದನ್ನೇ ನೋಡುತ್ತಿದ್ದರು ಎಂದುಕೊಂಡಿದ್ದೇನೆ. ಈ ಒಂದನ್ನು ನಾನು ಯಾರ ಹತ್ತಿರವೂ ಕೇಳಿ ಖಾತ್ರಿ ಮಾಡಿಕೊಂಡಿಲ್ಲ, ಮಾಡಿಕೊಳ್ಳುವುದೂ ಇಲ್ಲ.

ತಟ್ಟೆಗಳನ್ನು ಬಲಗೈಯಿಂದ ಇಟ್ಟೆ. ಚಟ್ನಿ ಸ್ವಲ್ಪ ಚೆಲ್ಲಿತು. ಅಮ್ಮ ಅದನ್ನು ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನ ಹೆಗಲಾಚೆ ನೋಡಿ, ಗಂಜಿ ಕಲಸುತ್ತ, ಏನೂ ಅಲ್ಲದ ವಿಷಯ ಮಾತಾಡುವ ಹಾಗೆ ಹೇಳಿದಳು.

‘ಹ್ವಾಯ್, ಇವ್ಳಿಗೆ ಎರಡ್ ತಟ್ಟಿಯೇ ನೆಟ್ಟಗೆ ಬತ್ತಿಲ್ಲೆ. ನಾಕ್ ಕಲಿಬೇಕಾರೆ ವರ್ಷ ಬೇಕ್. ದಿನಾ ಕಲ್ಸುಕಾತ್ತಾ ನಿಮ್ಗೆ?’

ಅಪ್ಪಯ್ಯ ಜಗಲಿಯಲ್ಲಿದ್ದ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದರು. ಹೆದ್ದಾರಿಯಲ್ಲಿ ಒಂದು ಬಸ್ಸು ನಿಂತು, ಯಾರನ್ನೋ ಇಳಿಸಿ, ಮುಂದೆ ಹೋಯಿತು.

‘ಅಕ್ಕ್’ ಅಂದರು. ನಮ್ಮ ಕಡೆ ಆಗಲಿ ಅನ್ನುವುದಕ್ಕೆ ಅಷ್ಟೇ ಹೇಳುತ್ತೇವೆ.